ಬೇಸ್ ಗಿಟಾರಿನ ಗುಂಯ್ ಸದ್ದು ಮತ್ತು ಮೈಕೆಲ್ ಫ್ಯಾರಡೆ

ಮಕ್ಕಳೇ, ಜಾತ್ರೆಯಲ್ಲೋ ಗಣೇಶನ ಹಬ್ಬದಲ್ಲೋ ನೀವು ಆರ್ಕೆಸ್ಟ್ರಾ ಕೇಳಿರಬಹುದು. ಅಲ್ಲಿ ಉದ್ದ ಕತ್ತಿನ, ಸಾಮಾನ್ಯವಾಗಿ ನಾಲ್ಕೇ ದಪ್ಪ ತಂತಿಗಳಿರುವ ಒಂದು ಗಿಟಾರ್ ಇರುತ್ತದೆ. ಎದೆಗೆ ಬಡಿಯುವಂತೆ ಧುಂ ಧುಂ ಎನ್ನುವ ಅದೇ ಬೇಸ್ ಗಿಟಾರ್. ಕೆಲವೊಮ್ಮೆ ತಂತಿಯನ್ನು ಯಾರೂ ಮೀಟದಿದ್ದರೂ ಸ್ಪೀಕರಿನಿಂದ ‘ಗುಂಯ್’ ಎಂಬ ಸದ್ದು ಬರುತ್ತಲೇ ಇರುತ್ತದೆ. ಈ ಬೇಡದ ಸದ್ದು ಎಲ್ಲಿಂದ ಬಂತು? ಉತ್ತರ ಬೇಕಾದರೆ, ವಿದ್ಯುತ್ ಗಿಟಾರ್ ಹುಟ್ಟುವುದಕ್ಕೂ ಎಷ್ಟೋ ಮೊದಲೇ ತೀರಿಕೊಂಡ ಮೈಕೆಲ್ ಫ್ಯಾರಡೆಯವರ ಕಥೆ ಕೇಳಬೇಕು.

ಮೈಕೆಲ್ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ ಬಳಿಯ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ತಂದೆ ಕಮ್ಮಾರ. ಬಡತನದಿಂದ ಶಾಲೆಯ ಓದು ಬೇಗನೆ ನಿಂತಿತು. 14ನೇ ವಯಸ್ಸಿಗೆ ಹುಡುಗ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಸೇರಿದ. ಏಳು ವರ್ಷ ಅದೇ ಕೆಲಸ. ಆದರೆ ರಟ್ಟು ಹಾಕಲು ಬಂದ ಪುಸ್ತಕಗಳನ್ನು ಅವನು ಓದದೆ ಬಿಡುತ್ತಿರಲಿಲ್ಲ. ವಿಶ್ವಕೋಶವೊಂದರಲ್ಲಿ ವಿದ್ಯುತ್ತಿನ ಬಗ್ಗೆ ಓದಿದ್ದೇ ತಡ, ಪ್ರಯೋಗಗಳ ಹುಚ್ಚು ಹಿಡಿಯಿತು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಹಂಫ್ರಿ ಡೇವಿ ಎಂಬ ದೊಡ್ಡ ವಿಜ್ಞಾನಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಮೈಕೆಲ್ ಕೇಳಿದ್ದನ್ನೆಲ್ಲ ಬರೆದುಕೊಂಡು, ತಾನೇ ರಟ್ಟು ಕಟ್ಟಿ ಡೇವಿಯವರಿಗೆ ಕಳಿಸಿದ. ಕಲಿತ ಕಸುಬು ಎಲ್ಲಿ ಕೈ ಹಿಡಿಯಿತು ನೋಡಿ! 1813ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನಿಗೆ ಸಹಾಯಕನ ಕೆಲಸ ಸಿಕ್ಕಿತು.

ಅಲ್ಲಿಯೇ 1831ರಲ್ಲಿ ಫ್ಯಾರಡೆಯವರು ತಮ್ಮ ಬಲು ದೊಡ್ಡ ಶೋಧವನ್ನು ಮಾಡಿದರು. ತಾಮ್ರದ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಸರ್ರನೆ ತೂರಿಸಿದರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಅಯಸ್ಕಾಂತವನ್ನು ಸುಮ್ಮನೆ ಒಳಗೆ ಇಟ್ಟರೆ ಏನೂ ಇಲ್ಲ. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತಿರಬೇಕು, ಅಷ್ಟೇ. ಇದೇ ವಿದ್ಯುತ್ಕಾಂತೀಯ ಪ್ರೇರಣೆ.

ಈಗ ಬೇಸ್ ಗಿಟಾರನ್ನು ನೋಡೋಣ. ಅದರ ಲೋಹದ ತಂತಿಗಳ ಕೆಳಗೆ ‘ಪಿಕಪ್’ ಎಂಬ ಭಾಗವಿದೆ. ಅಯಸ್ಕಾಂತಗಳ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ ಅದು. ಗಿಟಾರಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ, ಸುರುಳಿಯಲ್ಲಿ ವಿದ್ಯುತ್ ಹುಟ್ಟಿ, ಸ್ಪೀಕರಿನಲ್ಲಿ ಸ್ವರವಾಗುತ್ತದೆ. ತೊಂದರೆ ಇರುವುದೂ ಇಲ್ಲೇ. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ತೂಗಾಡುತ್ತದೆ. ಹತ್ತಿರದ ವೈರು, ಟ್ರಾನ್ಸ್‌ಫಾರ್ಮರುಗಳ ಸುತ್ತಲಿನ ಕಾಂತಕ್ಷೇತ್ರವೂ ಹಾಗೆಯೇ ಬದಲಾಗುತ್ತಿರುತ್ತದೆ. ಸುರುಳಿಗೆ ಯಾವುದು ಸಂಗೀತ, ಯಾವುದು ಕರೆಂಟಿನ ಆಟ ಎಂದು ತಿಳಿಯುವುದಿಲ್ಲ! ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. 50 ಅದಕ್ಕೆ ಹತ್ತಿರವೇ ಇರುವುದರಿಂದ ಗುಂಯ್ ಸದ್ದನ್ನು ಮಾತ್ರ ಸೋಸಿ ತೆಗೆಯುವುದು ಕಷ್ಟ.

ಇಷ್ಟಾದರೆ ಫ್ಯಾರಡೆಯವರ ನಿಯಮವೇ ಸಂಗೀತಕ್ಕೂ ಕಾಟಕ್ಕೂ ಕಾರಣವೆಂದಾಯಿತು. ಆದರೆ ಕಾಟದ ಇನ್ನೊಂದು ಬಗೆಗೆ ಅವರೇ ಮದ್ದನ್ನೂ ತೋರಿಸಿದ್ದರು. 1836ರಲ್ಲಿ ಅವರು 12 ಅಡಿ ಉದ್ದ, ಅಗಲ, ಎತ್ತರದ ಮರದ ಚೌಕಟ್ಟು ಕಟ್ಟಿಸಿ, ತಾಮ್ರದ ತಂತಿ ಹಾಗೂ ಲೋಹದ ತೆಳು ಹಾಳೆಯಿಂದ ಸುತ್ತಿಸಿದರು. ದೊಡ್ಡ ಯಂತ್ರದಿಂದ ಆ ಪೆಟ್ಟಿಗೆಗೆ ವಿದ್ಯುದಾವೇಶ ತುಂಬಿಸಿ, ತಾವೇ ಅದರೊಳಗೆ ಹೋಗಿ ನಿಂತರು! ಹೊರಗೆ ಚಟಚಟ ಕಿಡಿಗಳು. ಒಳಗೆ ಸೂಕ್ಷ್ಮ ಉಪಕರಣಗಳಿಗೂ ಆವೇಶದ ಸುಳಿವಿಲ್ಲ. ಇದನ್ನೇ ಇಂದು ‘ಫ್ಯಾರಡೆ ಪಂಜರ’ ಎನ್ನುತ್ತಾರೆ.

ಗಿಟಾರ್ ರಿಪೇರಿ ಮಾಡುವವರು ಪಿಕಪ್ ಕೂರುವ ಗುಳಿಯೊಳಗೆ ತಾಮ್ರದ ಹಾಳೆ ಅಂಟಿಸುವುದು ಈ ತತ್ವದಿಂದಲೇ. ಟ್ಯೂಬ್‌ಲೈಟಿನಂಥವುಗಳಿಂದ ಬರುವ ಕರಕರ ಸದ್ದು ಬಹಳ ಮಟ್ಟಿಗೆ ತಗ್ಗುತ್ತದೆ. ಆದರೆ ಆ 50ರ ಕಾಂತಕ್ಷೇತ್ರ ತೆಳು ತಾಮ್ರಕ್ಕೆ ಬಗ್ಗುವುದಿಲ್ಲ. ಅದಕ್ಕೆ ಬೇರೆಯೇ ಉಪಾಯ ಬೇಕಾಯಿತು. ಅಮೆರಿಕದ ಲಿಯೊ ಫೆಂಡರ್ ಅವರ ಕಂಪನಿ 1957ರಲ್ಲಿ ತನ್ನ ಬೇಸ್ ಗಿಟಾರಿನ ಪಿಕಪ್ಪನ್ನು ಎರಡು ತುಂಡು ಮಾಡಿತು. ಎರಡು ತಂತಿಗಳಿಗೆ ಒಂದು ಸುರುಳಿ, ಉಳಿದೆರಡಕ್ಕೆ ಇನ್ನೊಂದು. ಒಂದರಲ್ಲಿ ಹುಟ್ಟುವ ಗುಂಯ್ ಇನ್ನೊಂದರದಕ್ಕೆ ಉಲ್ಟಾ ಬರುವಂತೆ ಜೋಡಿಸಿದಾಗ, ಎರಡೂ ಸೇರಿ ಸೊನ್ನೆ! ಪ್ರತಿ ತಂತಿಯೂ ಒಂದೇ ಸುರುಳಿಯ ಮೇಲಿರುವುದರಿಂದ ಸ್ವರಕ್ಕೆ ಏನೂ ಆಗುವುದಿಲ್ಲ.

ಫ್ಯಾರಡೆಯವರು ಕ್ರಿಸ್‌ಮಸ್ ಸಮಯದಲ್ಲಿ ಮಕ್ಕಳಿಗಾಗಿಯೇ ಉಪನ್ಯಾಸ ಮಾಲೆಗಳನ್ನು ಕೊಡುತ್ತಿದ್ದರು, ಒಟ್ಟು 19 ಬಾರಿ. 1867ರ ಆಗಸ್ಟ್ 25ರಂದು ಅವರು ತೀರಿಕೊಂಡರು.

ಪಂಜರದ ಪ್ರಯೋಗವನ್ನು ನೀವೂ ಮಾಡಬಹುದು. ಬ್ಯಾಟರಿಯ ಸಣ್ಣ ರೇಡಿಯೊ ಹಚ್ಚಿ ಮೊದಲು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಆಮೇಲೆ ಸ್ಟೀಲ್ ಡಬ್ಬಿಯಲ್ಲಿ ಇಟ್ಟು ಮುಚ್ಚಳ ಬಿಗಿಯಾಗಿ ಹಾಕಿ ಕಿವಿಗೊಡಿ. (ಗೋಡೆಯ ಪ್ಲಗ್ಗಿನ ಕರೆಂಟು ಮಾತ್ರ ಬೇಡ.) ಎರಡರಲ್ಲಿ ಏನು ವ್ಯತ್ಯಾಸ ಕೇಳಿಸಿತು ಎಂದು ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಬರೆದು ಟೀಚರಿಗೆ ತೋರಿಸಿ.