ಕೃಷ್ಣದೇವರಾಯ: ಕಿರೀಟದ ಹಿಂದಿನ ಮುಖ

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಸೀಮೆಯಲ್ಲಿ ಶ್ರೀಕೃಷ್ಣದೇವರಾಯನ ಚಿತ್ರವನ್ನು ಕಾಣದವರು ವಿರಳ. ರತ್ನಖಚಿತ ಕಿರೀಟ, ಹುರಿ ಮೀಸೆ, ವೀರಗಾಂಭೀರ್ಯದ ನಿಲುವು. ಕನ್ನಡಿಗರ ಕಣ್ಣಿಗೆ ಕಟ್ಟಿರುವ ಈ ಮುಖ ಬಹುಮಟ್ಟಿಗೆ 1970ರಲ್ಲಿ ಬಿ.ಆರ್. ಪಂತುಲು ನಿರ್ದೇಶಿಸಿದ ಚಲನಚಿತ್ರದಲ್ಲಿ ರಾಜಕುಮಾರ್ ಧರಿಸಿದ ಪಾತ್ರದ ಮುಖ. ಆದರೆ ರಾಯ ಹೇಗಿದ್ದ ಎಂಬ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರ ಬೇರೆಯೇ ಆಗಿದೆ.

ತುಳುವ ನರಸನಾಯಕ ಮತ್ತು ನಾಗಲಾದೇವಿಯ ಪುತ್ರನಾದ ಕೃಷ್ಣದೇವರಾಯ 1509ರಲ್ಲಿ ವಿಜಯನಗರದ ಅಧಿಕಾರ ವಹಿಸಿಕೊಂಡ. ಪಟ್ಟಾಭಿಷೇಕದ ನೆನಪಿಗೆ ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿದ್ದನ್ನು ಅಲ್ಲಿನ 1510ರ ಶಾಸನ ತಿಳಿಸುತ್ತದೆ. ಉದಯಗಿರಿ ದುರ್ಗವನ್ನು ಗೆದ್ದು ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹವನ್ನು 1515ರಲ್ಲಿ ಹಂಪಿಯ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಾಪಿಸಿದ. 1520ರಲ್ಲಿ ರಾಯಚೂರಿನ ಬಳಿ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯವನ್ನು ಸೋಲಿಸಿದ. ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ ಕಾವ್ಯವನ್ನು ರಚಿಸಿದ.

ಆ ದಿನಗಳಲ್ಲಿ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ರಾಯನನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಆತನ ಬರಹದ ಪ್ರಕಾರ ರಾಯ ಮಧ್ಯಮ ಎತ್ತರದವನು, ಬಿಳಿಯ ಮೈಬಣ್ಣದವನು, ತೆಳುಮೈಯವನಲ್ಲ, ತುಸು ಸ್ಥೂಲಕಾಯದವನು. ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು. ಬೆಳಗಾಗುವ ಮುನ್ನವೇ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ಕುಸ್ತಿಯಾಡಿ, ಕುದುರೆ ಸವಾರಿ ಹೋಗುವುದು ಆತನ ದಿನಚರಿಯಾಗಿತ್ತು. ರಾಜಧಾನಿಯ ಬಳಿ ರಾಯ ಕಟ್ಟಿಸುತ್ತಿದ್ದ ಕೆರೆಯ ಕಾಮಗಾರಿಯಲ್ಲಿ 15ರಿಂದ 20 ಸಾವಿರ ಜನ ದುಡಿಯುತ್ತಿದ್ದುದನ್ನೂ ಪಾಯೆಸ್ ದಾಖಲಿಸಿದ್ದಾನೆ. ರಾಯ ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. ತಾಯಿಯ ನೆನಪಿಗಾಗಿ ಆ ಹೆಸರಿಟ್ಟನೆಂಬುದು ಪ್ರತೀತಿ.

ರಾಯನ ಇನ್ನೊಂದು ಭಾವಚಿತ್ರ ತಿರುಮಲದಲ್ಲಿದೆ. 1513ರಿಂದ 1521ರ ನಡುವೆ ಏಳು ಬಾರಿ ಆ ಕ್ಷೇತ್ರಕ್ಕೆ ಭೇಟಿ ನೀಡಿದ ದೊರೆ, ರಾಣಿಯರಾದ ತಿರುಮಲದೇವಿ ಮತ್ತು ಚಿನ್ನಾದೇವಿಯರೊಂದಿಗೆ ಲೋಹದ ವಿಗ್ರಹವಾಗಿ ಅಲ್ಲಿ ನಿಂತಿದ್ದಾನೆ. ತಲೆಯ ಮೇಲೆ ಕಿರೀಟವಿಲ್ಲ, ಎತ್ತರದ ಕುಲಾವಿಯಿದೆ. ಕೈಯಲ್ಲಿ ಖಡ್ಗವಿಲ್ಲ, ಕೈಗಳು ಮುಗಿದಿವೆ. ಚಕ್ರವರ್ತಿಯಾಗಿ ಅಲ್ಲ, ಭಕ್ತನಾಗಿ ನಿಂತ ರೂಪವಿದು.

ರಾಜರ ಭಾವಚಿತ್ರಗಳನ್ನು ಜನರು ತಮಗೆ ಬೇಕಾದಂತೆ ತಿದ್ದಿಕೊಳ್ಳುವುದು ಹೊಸತಲ್ಲ. ಹಳೆಯ ಚಿತ್ರಗಳನ್ನು ನಗೆ ಬೆರೆಸಿ ಮರುಸೃಷ್ಟಿಸುವುದು ಇಂದಿನ ಕಲೆಯ ಒಂದು ಮಾರ್ಗವೇ ಆಗಿದೆ. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ 2000ದಿಂದ 2004ರ ಅವಧಿಯಲ್ಲಿ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜತೆಗೂಡಿ, ರವಿವರ್ಮನ ಚಿತ್ರಗಳ ನಾಯಕಿಯರ ವೇಷವನ್ನು ತಾವೇ ಧರಿಸಿ ಛಾಯಾಚಿತ್ರ ಸರಣಿಯನ್ನು ರೂಪಿಸಿದರು. ರಾಯನ ವಿಷಯದಲ್ಲಿ ಈ ಕೆಲಸವನ್ನು ತೆನಾಲಿ ರಾಮಕೃಷ್ಣನ ಕಥೆಗಳು ಬಹಳ ಹಿಂದೆಯೇ ಮಾಡಿವೆ. ಅಲ್ಲಿ ಸಾಮ್ರಾಟ ವಿಕಟಕವಿಯ ಚಾತುರ್ಯಕ್ಕೆ ಸೋಲುತ್ತಾನೆ, ಸಿಟ್ಟಾಗುತ್ತಾನೆ, ಕೊನೆಗೆ ನಗುತ್ತಾನೆ. 1991ರ ತೆಲುಗು ಚಿತ್ರ ‘ಆದಿತ್ಯ 369’ರಲ್ಲಂತೂ ಕಾಲಯಂತ್ರ ಏರಿ ಬಂದವರು ಆತನ ಆಸ್ಥಾನಕ್ಕೇ ಇಳಿಯುತ್ತಾರೆ.

ರಾಯನ ಕಡೆಯ ವರ್ಷಗಳು ನಗೆಗೆ ದೂರವಾಗಿದ್ದವು. ಎಳೆಯ ಮಗನನ್ನು ಕಳೆದುಕೊಂಡ ದುಃಖದಲ್ಲಿ, ತಂದೆಯಂತಿದ್ದ ಮಂತ್ರಿ ತಿಮ್ಮರಸನ ಮೇಲೆ ಸಂದೇಹ ತಾಳಿ ಆತನ ಕಣ್ಣು ಕೀಳಿಸಿದನೆಂದು ಪೋರ್ಚುಗೀಸ್ ಲೇಖಕ ನೂನಿಜ್ ಬರೆದಿದ್ದಾನೆ. 1528ರಲ್ಲಿ ಹಂಪಿಯಲ್ಲಿ ಉಗ್ರನರಸಿಂಹನ ಏಕಶಿಲಾ ಮೂರ್ತಿ ಸ್ಥಾಪನೆಯಾಯಿತು. ಮರುವರ್ಷವೇ ರಾಯ ಕಾಲವಾದ. ತುಮಕೂರು ಸಮೀಪದ ಹೊನ್ನೇನಹಳ್ಳಿಯಲ್ಲಿ ದೊರೆತ, 2021ರಲ್ಲಿ ಬೆಳಕಿಗೆ ಬಂದ ಕನ್ನಡ ಶಾಸನ ಆತನ ಮರಣದ ದಿನವನ್ನು 1529ರ ಅಕ್ಟೋಬರ್ 17 ಎಂದು ಖಚಿತಪಡಿಸಿತು.

ವಿನೋದದ ಕಥೆ ತಾನು ವಿನೋದವೆಂದು ಮುಚ್ಚಿಡುವುದಿಲ್ಲ. ಅದರಿಂದ ರಾಯನ ಘನತೆಗೆ ಕುಂದಿಲ್ಲ. ಲೋಪವೇ ಇಲ್ಲದ ವೀರನ ಚಿತ್ರ ಮಾತ್ರ ತಾನೇ ನಿಜವೆಂದು ನಂಬಿಸುತ್ತದೆ. ಅದರ ಹೊಳಪಿನಲ್ಲಿ ಸಿಡುಬಿನ ಕಲೆಯ, ಕೈಮುಗಿದು ನಿಂತ, ತಪ್ಪನ್ನೂ ಮಾಡಿದ ಮನುಷ್ಯ ಮರೆಯಾಗುತ್ತಾನೆ. ಕೆರೆ ಕಟ್ಟಿಸಿದವನು ಆ ಮನುಷ್ಯನೇ.