ಜಾನ್ ಲೌಡನ್ ಮೆಕಾಡಂ

ಜಾನ್ ಲೌಡನ್ ಮೆಕಾಡಂ (ಸೆಪ್ಟೆಂಬರ್ 1756 – ನವೆಂಬರ್ 26, 1836) ಸ್ಕಾಟ್ಲೆಂಡಿನ ರಸ್ತೆ ನಿರ್ಮಾತೃ. ಒಡೆದ ಕಲ್ಲಿನ ತುಣುಕುಗಳಿಗೆ ನಿಶ್ಚಿತ ಗಾತ್ರವನ್ನು ವಿಧಿಸಿ, ರಸ್ತೆಯ ಬಾಳಿಕೆ ಆ ಅಳತೆಯನ್ನು ಅವಲಂಬಿಸಿದೆಯೆಂದು ತೋರಿಸಿದವರು. ಜಲ್ಲಿ ರಸ್ತೆಗೆ ಎಂಜಿನಿಯರುಗಳು ಬಳಸುವ ‘ಮೆಕಾಡಂ’ ಎಂಬ ಪದವು ಇವರ ಹೆಸರಿನಿಂದ ಬಂದಿದೆ.

ಜೀವನ

ಮೆಕಾಡಂ ಅವರು ಏರ್ ಪಟ್ಟಣದಲ್ಲಿ ಜನಿಸಿದರು. 1770ರಲ್ಲಿ ತಂದೆ ತೀರಿಕೊಂಡ ಬಳಿಕ ನ್ಯೂಯಾರ್ಕಿನಲ್ಲಿದ್ದ ತಂದೆಯ ಸಹೋದರನ ಆಶ್ರಯ ಪಡೆದು, ವ್ಯಾಪಾರದಲ್ಲಿ ಹಣ ಗಳಿಸಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪಕ್ಷ ವಹಿಸಿದ್ದ ಅವರು 1783ರಲ್ಲಿ ಸ್ವದೇಶಕ್ಕೆ ಮರಳಿದರು. ಅಲ್ಲಿ ಸುಂಕದ ರಸ್ತೆಗಳ ಆಡಳಿತ ಮಂಡಳಿಯ ಸದಸ್ಯರಾಗಿ ರಸ್ತೆಗಳ ಅಧ್ಯಯನ ಆರಂಭಿಸಿದರು. 1816ರಲ್ಲಿ, ಅರುವತ್ತರ ವಯಸ್ಸಿನ ಸುಮಾರಿಗೆ, ಬ್ರಿಸ್ಟಲ್ ರಸ್ತೆಗಳ ಮೇಲ್ವಿಚಾರಕರಾದರು. 1827ರಲ್ಲಿ ರಸ್ತೆಗಳ ಮುಖ್ಯ ಮೇಲ್ವಿಚಾರಕರಾಗಿ ನೇಮಕಗೊಂಡರು. ‘ಸರ್’ ಪದವಿಯನ್ನು ತಾವು ನಿರಾಕರಿಸಿದರು. ಅದನ್ನು ಮಗ ಜೇಮ್ಸ್ ಸ್ವೀಕರಿಸಿದರು. ಮಾಫಟ್ ಎಂಬಲ್ಲಿ ನಿಧನರಾದರು.

ಕಲ್ಲಿನ ಅಳತೆ

ಅಡಿಪಾಯಕ್ಕೆ ದೊಡ್ಡ ಕಲ್ಲುಗಳನ್ನು ಹಾಸುವುದು ಆ ಕಾಲದ ರೂಢಿಯಾಗಿತ್ತು. ಅದು ದುಬಾರಿಯಾಗಿತ್ತು. ಮೆಕಾಡಂ ಅವರ ಪ್ರಕಾರ ಭಾರವನ್ನು ಹೊರುವುದು ಒಣಗಿದ ನೆಲ. ಕಲ್ಲಿನ ಪದರವು ಆ ನೆಲವನ್ನು ಮಳೆನೀರಿನಿಂದ ಕಾಯಬೇಕು. ಆದುದರಿಂದ ಅವರು ರಸ್ತೆಯನ್ನು ಸುತ್ತಲಿನ ನೆಲಕ್ಕಿಂತ ಎತ್ತರಿಸಿ, ಬದಿಗೆ ಚರಂಡಿ ತೋಡಿಸಿ, ಮೂಲೆಗಳುಳ್ಳ ಸಣ್ಣ ಕಲ್ಲುಗಳನ್ನೇ ಹರಡಿಸಿದರು. ಗಾಡಿಗಳ ಓಡಾಟದಿಂದ ಅವು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತಿದ್ದವು.

ಮೇಲ್ಪದರದ ಕಲ್ಲು 6 ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದೆಂಬುದು ಅವರ ನಿಯಮ. ಗಾಡಿಯ ಚಕ್ರದ ಅಗಲಕ್ಕಿಂತ ಕಲ್ಲು ದೊಡ್ಡದಾದರೆ ಅದು ಹುದುಗದೆ ಮೇಲೇಳುತ್ತದೆ. ಮೇಲ್ವಿಚಾರಕರು ತಕ್ಕಡಿಯಿಂದ ತೂಕವನ್ನು ಪರೀಕ್ಷಿಸುತ್ತಿದ್ದರು. ಕುಳಿತುಕೊಂಡು ಸಣ್ಣ ಸುತ್ತಿಗೆಯಿಂದ ಒಡೆಯುವ ಕ್ರಮವಿದ್ದುದರಿಂದ ಸ್ತ್ರೀಯರಿಗೂ ವೃದ್ಧರಿಗೂ ಈ ಕೆಲಸ ದೊರೆಯಿತು.

ಕರ್ನಾಟಕದಲ್ಲಿ

ಭಾರತದ ರಸ್ತೆ ಕಾಮಗಾರಿಗಳಲ್ಲಿ ‘ವಾಟರ್ ಬೌಂಡ್ ಮೆಕಾಡಂ’ ಎಂಬ ಪದರಕ್ಕೆ 63ರಿಂದ 45 ಮಿಲಿಮೀಟರ್ ಜಲ್ಲಿ ಒಂದು ಪ್ರಮಾಣಿತ ದರ್ಜೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಂತಹ ಹೆಚ್ಚು ಮಳೆಯ ಮಲೆನಾಡಿನಲ್ಲಿ ಮೆಕಾಡಂ ಅವರ ಚರಂಡಿಯ ನಿಯಮಕ್ಕೆ ವಿಶೇಷ ಮಹತ್ವವಿದೆ. ಶಿರಸಿ–ಕುಮಟಾ ಮಾರ್ಗದ ದೇವಿಮನೆ ಘಟ್ಟ, ಯಲ್ಲಾಪುರ–ಅಂಕೋಲಾ ಮಾರ್ಗದ ಅರಬೈಲು ಘಟ್ಟಗಳಲ್ಲಿ ನೀರು ನಿಂತರೆ ರಸ್ತೆ ಉಳಿಯದು. ಗೋಡೆಗೆ ಒದಗುವ ಜಂಬಿಟ್ಟಿಗೆ ಕಲ್ಲು ಮೃದುವಾದುದರಿಂದ ಭಾರದ ಗಾಡಿಗಳಡಿ ಪುಡಿಯಾಗುತ್ತದೆ. ಜಲ್ಲಿಗೆ ಗಟ್ಟಿ ಶಿಲೆಯೇ ಬೇಕು.

ತಕ್ಕಡಿಯಿಂದ ಛಾಯಾಚಿತ್ರಕ್ಕೆ

ಇಂದು ಗಟ್ಟಿ ಶಿಲೆಯನ್ನು ಕ್ವಾರಿಗಳಲ್ಲಿ ಸಿಡಿಮದ್ದಿನಿಂದ ಒಡೆಯುತ್ತಾರೆ. ಹೀಗೆ ಬಿದ್ದ ರಾಶಿಯನ್ನೆಲ್ಲ ತೂಗುವುದಾಗಲಿ ಜರಡಿ ಹಿಡಿಯುವುದಾಗಲಿ ಸಾಧ್ಯವಿಲ್ಲ. ಆದುದರಿಂದ ಉದ್ದ ತಿಳಿದಿರುವ ಕೋಲನ್ನೋ ಚೆಂಡನ್ನೋ ರಾಶಿಯ ಮೇಲಿಟ್ಟು ಛಾಯಾಚಿತ್ರ ತೆಗೆಯುತ್ತಾರೆ. ಗಣಕಯಂತ್ರವು ಪ್ರತಿ ಕಲ್ಲಿನ ಅಂಚನ್ನು ಗುರುತಿಸಿ, ಯಾವ ಗಾತ್ರದ ಕಲ್ಲು ಎಷ್ಟು ಪಾಲು ಇದೆಯೆಂದು ಲೆಕ್ಕಹಾಕುತ್ತದೆ. ಚಿತ್ರದಲ್ಲಿ ರಾಶಿಯ ಮೇಲ್ಮೈ ಮಾತ್ರ ಕಾಣುವುದರಿಂದ, ದೊಡ್ಡ ಕಲ್ಲುಗಳ ನಡುವೆ ಅಡಗಿದ ಪುಡಿ ಲೆಕ್ಕಕ್ಕೆ ಸಿಗದಿರುವುದು ಈ ವಿಧಾನದ ಮಿತಿ. ಬಂಡೆಗಳು ದೊಡ್ಡವಾಗಿ ಉಳಿದರೆ ಮತ್ತೆ ಒಡೆಯುವ ವೆಚ್ಚ ಬೀಳುತ್ತದೆ. ಮಿತಿಮೀರಿ ಪುಡಿಯಾದರೆ ಕಲ್ಲು ವ್ಯರ್ಥವಾಗುತ್ತದೆ.