ಪ್ಲೇಟೊ

ಪ್ಲೇಟೊ (ಕ್ರಿ.ಪೂ. ಸು. 428–347) ಪ್ರಾಚೀನ ಗ್ರೀಸಿನ ತತ್ತ್ವಜ್ಞಾನಿ, ಸಾಕ್ರಟೀಸನ ಶಿಷ್ಯ. ಅಥೆನ್ಸಿನ ಶ್ರೀಮಂತ ಮನೆತನದಲ್ಲಿ ಜನಿಸಿದ ಈತನಿಗೆ ರಾಜಕಾರಣದ ದಾರಿ ತೆರೆದೇ ಇತ್ತು. ಆದರೆ ಕ್ರಿ.ಪೂ. 399ರಲ್ಲಿ ನಗರದ ನ್ಯಾಯಸಭೆ ಬಹುಮತದಿಂದ ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು. ಬಹುಜನರ ಅಭಿಪ್ರಾಯಕ್ಕೂ ಸತ್ಯಕ್ಕೂ ಇರುವ ಅಂತರ ಈತನ ಸಂವಾದಗಳನ್ನು ಮತ್ತೆ ಮತ್ತೆ ಕಾಡಿದೆ.

ಇಂದ್ರಿಯಗೋಚರ ವಸ್ತುಗಳು ಮಾರ್ಪಡುತ್ತಲೇ ಇರುವುದರಿಂದ ಅವುಗಳ ಬಗೆಗೆ ಅಭಿಪ್ರಾಯ ಮಾತ್ರ ಸಾಧ್ಯ, ನಿಜವಾದ ಜ್ಞಾನ ಬದಲಾಗದ ಮೂಲರೂಪಗಳದ್ದು ಎಂಬುದು ಈತನ ವಾದ. ಆತ್ಮ ಅಮರವಾದುದು, ಅದು ಮೊದಲೇ ಅರಿತಿದ್ದುದರ ಸ್ಮರಣೆಯೇ ಕಲಿಕೆ. ‘ಮೀನೊ’ ಸಂವಾದದಲ್ಲಿ ರೇಖಾಗಣಿತ ಕಲಿಯದ ಗುಲಾಮ ಹುಡುಗನೊಬ್ಬ ಪ್ರಶ್ನೆಗಳ ಆಸರೆಯಿಂದಲೇ ಚೌಕದ ವಿಸ್ತೀರ್ಣವನ್ನು ಇಮ್ಮಡಿಗೊಳಿಸುವ ಬಗೆಯನ್ನು ಕಂಡುಕೊಳ್ಳುತ್ತಾನೆ. ಪ್ರಶ್ನೆಗಳಲ್ಲೇ ಉತ್ತರದ ಸುಳಿವಿದೆಯೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಈತ ಸ್ಥಾಪಿಸಿದ ಅಕಾಡೆಮಿಯಲ್ಲಿ ಅರಿಸ್ಟಾಟಲ್ ಸುಮಾರು 20 ವರ್ಷ ಇದ್ದ. ಮೂಲರೂಪ ಸಿದ್ಧಾಂತವನ್ನು ಕಟುವಾಗಿ ವಿಮರ್ಶಿಸಿದವನೂ ಅವನೇ.